ಗೋಡೆಯ ಮೇಲೆ ನಿಲ್ಲದ ನೊರೆ: ಭೋಸರಿಯ ಇಡ್ಲಿ ಹಿಟ್ಟಿನ ಘಟಕದ ಒಂದು ಪ್ರಕರಣ

ನೊರೆ ಯಂತ್ರ ತಂದ ಮೇಲೆ ಅರ್ಧ ಫ್ಯಾಕ್ಟರಿ ಸ್ವಚ್ಛವಾಯಿತು, ಇನ್ನರ್ಧ ಹಾಗೇ ಉಳಿಯಿತು. ಯಂತ್ರ ಒಂದೇ, ಕೆಮಿಕಲ್ ಒಂದೇ, ತೊಳೆಯುವ ಜನವೂ ಅವರೇ. ಮತ್ತೆ ಯಾಕೆ ಹೀಗೆ ಅನ್ನುವುದೇ ಈ ಪ್ರಕರಣ.

ಜಾಗ ಪುಣೆಯ ಭೋಸರಿ ಎಂಐಡಿಸಿ, ಅಂದರೆ ಮಹಾರಾಷ್ಟ್ರ ಸರ್ಕಾರದ ಕೈಗಾರಿಕಾ ಪ್ರದೇಶ. ಇಡ್ಲಿ-ದೋಸೆ ಹಿಟ್ಟು ರುಬ್ಬಿ, ಹುಳಿ ಬರಿಸಿ, ಪ್ಯಾಕೆಟ್ ಮಾಡಿ ಕಳಿಸುವ ಘಟಕ. ಮಾಲೀಕರು ಕುಂದಾಪುರದ ಕಡೆಯವರು. ರಾತ್ರಿ ಪಾಳಿಯಲ್ಲಿ ತೊಳೆಯುವವರು ಹೆಚ್ಚಿನವರು ಕಲಬುರಗಿ, ವಿಜಯಪುರದಿಂದ ಬಂದವರು. ಹಿಟ್ಟು ಪಿಂಪ್ರಿ-ಚಿಂಚವಡ, ಪುಣೆಯ ಉಡುಪಿ ಹೋಟೆಲುಗಳಿಗೂ ಹೋಗುತ್ತದೆ, ಅಂಗಡಿಗಳ ಫ್ರಿಜ್ಜಿಗೂ ಹೋಗುತ್ತದೆ.

ತೊಂದರೆ ಶುರುವಾದದ್ದು ಬೇಸಿಗೆಯಲ್ಲಿ. ಪ್ಯಾಕೆಟ್‌ಗಳು ತಾರೀಖಿಗೆ ಮುಂಚೆಯೇ ಜಾಸ್ತಿ ಹುಳಿಯಾಗಿ ಉಬ್ಬಿ ವಾಪಸ್ ಬರುತ್ತಿದ್ದವು. ಪ್ಯಾಕಿಂಗ್ ವಿಭಾಗದಲ್ಲಿ ಹಳಸಲು ವಾಸನೆ. ಗೋಡೆಯ ಕೆಳಭಾಗ, ಕನ್ವೇಯರ್‌ನ ಅಡಿ, ಪ್ಯಾಕಿಂಗ್ ಯಂತ್ರದ ಕಾಲುಗಳ ಹತ್ತಿರ ಸ್ವಾಬ್ (ಹತ್ತಿಯ ಕಡ್ಡಿಯಿಂದ ಒರೆಸಿದ ಮಾದರಿ) ತೆಗೆದರೆ ಎಟಿಪಿ ಮೀಟರಿನಲ್ಲಿ ಅಂಕಿ ಮೇಲೇ ಇರುತ್ತಿತ್ತು. ಈ ಮೀಟರ್ ಮಿಂಚುಹುಳದ ಕಿಣ್ವವನ್ನು ಬಳಸಿ, ಉಳಿದ ಆಹಾರ ಮತ್ತು ಸೂಕ್ಷ್ಮಜೀವಿಗಳಲ್ಲಿರುವ ಎಟಿಪಿಯನ್ನು (ಜೀವಕೋಶಗಳಿಗೆ ಶಕ್ತಿ ಕೊಡುವ ಅಣು) ಬೆಳಕಿನ ರೂಪದಲ್ಲಿ ಅಳೆಯುತ್ತದೆ. ಕೊಳೆ ಉಳಿದಿದೆಯಾ ಅಂತ ಅರ್ಧ ನಿಮಿಷದಲ್ಲಿ ಹೇಳುತ್ತದೆ. ಯಾವ ಬ್ಯಾಕ್ಟೀರಿಯಾ ಅಂತ ಹೇಳುವುದಿಲ್ಲ. ಕ್ಲೋರಿನ್ ಸರಿಯಾಗಿ ತೊಳೆದುಹೋಗದೆ ಉಳಿದಿದ್ದರೆ ಅಂಕಿ ಸುಳ್ಳು ಹೇಳಿ ಕಡಿಮೆ ತೋರಿಸುವುದೂ ಉಂಟು. ಅದನ್ನೇ ನಂಬಿ ಕೂರಬಾರದು.

ಹಿಟ್ಟು ಯಾಕೆ ಬಿಡುವುದಿಲ್ಲ

ಒಣಗಿದ ಇಡ್ಲಿ ಹಿಟ್ಟನ್ನು ಉಗುರಿನಿಂದ ಕೆರೆದು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಅಕ್ಕಿಯಿಂದ ಪಿಷ್ಟ, ಉದ್ದಿನಿಂದ ಪ್ರೋಟೀನು ಮತ್ತು ಲೋಳೆ. ಹುಳಿ ಬರುವಾಗ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡೆಸ್‌ನಂಥ ಬ್ಯಾಕ್ಟೀರಿಯಾಗಳು ಇಂಗಾಲದ ಡೈ ಆಕ್ಸೈಡ್ ಬಿಡುತ್ತವೆ. ಉದ್ದಿನ ಪ್ರೋಟೀನು ಮತ್ತು ಲೋಳೆ ಆ ಗಾಳಿಯನ್ನು ಹೊರಗೆ ಬಿಡದೆ ಹಿಡಿದಿಡುತ್ತವೆ. ಇಡ್ಲಿ ಮೆತ್ತಗಾಗುವುದು ಅದರಿಂದ. ಅಂದರೆ ಉಬ್ಬಿದ ಹಿಟ್ಟೇ ಒಂದು ನೊರೆ. ಇಡ್ಲಿಗೆ ಬೇಕಾದ ಅದೇ ಅಂಟು ಗೋಡೆಗೂ ಹಿಡಿಯುತ್ತದೆ.

ಇಲ್ಲಿ ಹಿಂದಿನ ಪದ್ಧತಿ ತೊಂದರೆಯನ್ನು ಇನ್ನೂ ಹೆಚ್ಚಿಸಿತ್ತು. ಬಕೆಟ್, ಬ್ರಷ್, ಕಾಸ್ಟಿಕ್ ಸೋಡಾ, ಮತ್ತೆ ಕೈ ಸುಡುವಷ್ಟು ಬಿಸಿನೀರು. ಬಿಸಿನೀರು ಹಾಕಿದರೆ ಬೇಗ ಹೋಗುತ್ತದೆ ಅನ್ನುವುದು ಎಲ್ಲರ ನಂಬಿಕೆ. ಎಣ್ಣೆ ಜಿಡ್ಡಿಗೆ ಅದು ನಿಜ. ಹಿಟ್ಟಿಗೆ ಉಲ್ಟಾ. ಸುಮಾರು 65ರಿಂದ 75 ಡಿಗ್ರಿ ದಾಟಿದರೆ ಅಕ್ಕಿಯ ಪಿಷ್ಟ ನೀರು ಕುಡಿದು ಗಂಜಿಯಾಗುತ್ತದೆ, ಉದ್ದಿನ ಪ್ರೋಟೀನು ಬೆಂದು ಗಟ್ಟಿಯಾಗುತ್ತದೆ. ಗೋಡೆಯ ಮೇಲೆಯೇ ಅಡುಗೆ ಮಾಡಿದ ಹಾಗೆ ಆಯ್ತು. ಮೊದಲು ಕೆರೆದು, ತಣ್ಣೀರಿನಲ್ಲಿ ತೊಳೆದು, ಆಮೇಲೆ ಕ್ಷಾರ ಹಾಕಬೇಕು. ಕ್ಷಾರ ಮತ್ತು ಕ್ಲೋರಿನ್ ಸೇರಿ ಪ್ರೋಟೀನಿನ ಸರಪಳಿ ಒಡೆದು ಕರಗಿಸುತ್ತವೆ. ಆದರೆ ಅದಕ್ಕೆ ಸಮಯ ಬೇಕು, 10ರಿಂದ 15 ನಿಮಿಷ. ನಿಂತ ಗೋಡೆಯ ಮೇಲೆ ಬರೀ ದ್ರಾವಣ ಎರಚಿದರೆ ಅಷ್ಟು ಹೊತ್ತು ಎಲ್ಲಿ ನಿಲ್ಲುತ್ತದೆ? ನೆಲಕ್ಕೆ ಇಳಿದು ಮೋರಿ ಸೇರುತ್ತದೆ.

ಅದಕ್ಕೇ ನೊರೆ. ನೊರೆ ಅಂದರೆ ಜಾಸ್ತಿ ಶಕ್ತಿಯ ಸೋಪು ಅಂತ ತುಂಬ ಜನ ತಿಳಿದಿದ್ದಾರೆ, ಸೋಪಿನ ಜಾಹೀರಾತುಗಳು ಮಾಡಿದ ಉಪಕಾರ ಅದು. ಕೊಳೆಯನ್ನು ಕರಗಿಸುವುದು ನೊರೆಯೊಳಗಿನ ದ್ರಾವಣ. ನೊರೆ ಆ ದ್ರಾವಣವನ್ನು ಗೋಡೆಯ ಮೇಲೆ ನಿಲ್ಲಿಸುತ್ತದೆ, ಅಷ್ಟೇ. ಗುಳ್ಳೆಗಳ ನಡುವಿನ ಸಣ್ಣ ಕಾಲುವೆಗಳಲ್ಲಿ ದ್ರಾವಣ ಮೆಲ್ಲಗೆ ಕೆಳಗಿಳಿಯುತ್ತಾ ಇರುತ್ತದೆ. ಹಾಗಾಗಿ ಕೊಳೆಗೆ ಹೊಸ ಹೊಸ ದ್ರಾವಣ ತಾಗುತ್ತಲೇ ಇರುತ್ತದೆ.

ಈ ಗುಣವನ್ನು ದೊಡ್ಡ ದೊಡ್ಡ ಕಡೆ ಬಳಸುತ್ತಾರೆ. ವಿಮಾನದ ಎಂಜಿನನ್ನು ರೆಕ್ಕೆಯಿಂದ ಇಳಿಸದೆ ಒಳಗೆ ನೊರೆ ತುಂಬಿ ತೊಳೆಯುವ ವಿಧಾನ ಜಿಇ ಕಂಪನಿಯವರದ್ದು ಇದೆ. ದೊಡ್ಡ ಉಗಿ ಕೊಳವೆಗಳಲ್ಲಿ ನೀರು ತುಂಬಿದರೆ ಅವನ್ನು ತೂಗುಹಾಕಿರುವ ಆಧಾರಗಳು ಭಾರ ತಡೆಯುವುದಿಲ್ಲ. ಅಂಥಲ್ಲಿ ಆಮ್ಲವನ್ನು ನೊರೆ ಮಾಡಿ ಕಳಿಸುತ್ತಾರೆ. ಅಣು ಸ್ಥಾವರಗಳ ಟ್ಯಾಂಕುಗಳಲ್ಲಿ ವಿಕಿರಣದ ಕೊಳೆ ತೆಗೆಯಲೂ ನೊರೆ ಬಳಸಿದ್ದಾರೆ. ಅಲ್ಲಿ ತೊಳೆದ ನೀರೇ ದೊಡ್ಡ ತಲೆನೋವು. ಲೀಟರು ಕಡಿಮೆಯಾದಷ್ಟೂ ಲಾಭ.

ಎರಡು ಕಡೆ, ಎರಡು ಬಗೆ

ಘಟಕ ಕೊಂಡ ಯಂತ್ರ ಸಾಮಾನ್ಯವಾದದ್ದೇ. ನೀರಿಗೆ ಕೆಮಿಕಲ್ ಬೆರೆಸುವ ಪಂಪು, ಆ ದ್ರಾವಣಕ್ಕೆ ಕಂಪ್ರೆಸರ್ ಗಾಳಿ ಸೇರಿಸುವ ಒಂದು ಮಿಕ್ಸಿಂಗ್ ಬ್ಲಾಕ್, ಆಮೇಲೆ ಪೈಪು, ತುದಿಯಲ್ಲಿ ಗನ್. ಕೆಮಿಕಲ್ಲು ಕ್ಲೋರಿನ್ ಸೇರಿಸಿದ ಕ್ಷಾರ. ಡೋಸ್, ಅಂದರೆ ನೀರಿಗೆ ಬೆರೆಸುವ ಪ್ರಮಾಣ, 3 ಶೇಕಡ. ಯಂತ್ರ ಇಟ್ಟದ್ದು ಗ್ರೈಂಡರ್ ಕೋಣೆಯಲ್ಲಿ. ಅಲ್ಲಿಯ ಗೋಡೆಗೆ ಹೊಡೆದರೆ ನೊರೆ ಬಿಳಿ ಪದರವಾಗಿ ಕಾಲು ಗಂಟೆ ನಿಲ್ಲುತ್ತಿತ್ತು. ಪ್ಯಾಕಿಂಗ್ ವಿಭಾಗ ಆ ಕಡೆಯ ತುದಿಯಲ್ಲಿ. ಅಲ್ಲಿಗೆ ತಲುಪಲು ಪೈಪಿಗೆ ಇನ್ನೊಂದು ಪೈಪು ಜೋಡಿಸಿದ್ದರು. ಅಲ್ಲಿ ಹೊಡೆದ ನೊರೆ ಒಂದು ನಿಮಿಷದೊಳಗೆ ನೆಲದ ಮೇಲೆ.

ತೊಳೆಯುವ ತಂಡದ ಮುಖ್ಯಸ್ಥೆ, ಕಲಬುರಗಿ ಕಡೆಯ ಅಕ್ಕ, ಒಂದೇ ಮಾತಲ್ಲಿ ಹೇಳಿಬಿಟ್ಟರು: “ಆ ಕಡಿ ನೊರಿ ನಿಂದರತದ್ರಿ ಸರ. ಈ ಕಡಿ ಪೂರಾ ನೀರಾಗಿ ಇಳೀತದ.”

ಯಂತ್ರ ಮಾರಿದವರಿಗೆ ಫೋನ್ ಮಾಡಿದಾಗ ಸಿಕ್ಕ ಸಲಹೆ, ಡೋಸ್ ಜಾಸ್ತಿ ಮಾಡಿ. 3 ಇದ್ದದ್ದು 6 ಆಯಿತು. ತೊಂದರೆ ನೋಡಲು ಹೋದ ನನಗೆ ಮಾಲೀಕರು ಹೇಳಿದ್ದು, “ಡಬಲ್ ಮಾಡಿಯೂ ಆಯ್ತು ಮಾರಾಯ್ರೆ. ಕೆಮಿಕಲ್ಲಿನ ಬಿಲ್ಲು ಮಾತ್ರ ಗೋಡೆ ಹತ್ತಿತು, ನೊರೆ ಹತ್ತಲಿಲ್ಲ.” ಬಿಲ್ಲಿನ ಜೊತೆ ಇನ್ನೂ ಕೆಲವು ಬಂದಿದ್ದವು. ಎರಡು ಸಲ ತೊಳೆದರೂ ನೆಲದ ಜಾರಿಕೆ ಹೋಗುತ್ತಿರಲಿಲ್ಲ. ತಂಡದವರ ಕೈ ತುರಿಸುತ್ತಿತ್ತು. ಅಲ್ಯೂಮಿನಿಯಂ ಚೌಕಟ್ಟುಗಳು ಕಪ್ಪಾಗಿದ್ದವು. ಕ್ಷಾರಕ್ಕೆ ಅಲ್ಯೂಮಿನಿಯಂ ಸಿಕ್ಕರೆ ಬಿಡುವುದಿಲ್ಲ, ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ.

ಡೋಸ್ ಜಾಸ್ತಿ ಮಾಡಿದರೆ ಯಾಕೆ ಕೆಲಸ ಆಗುವುದಿಲ್ಲ ಅಂತ ಇಲ್ಲೇ ಹೇಳಿಬಿಡುತ್ತೇನೆ. ಶುದ್ಧ ನೀರಿನ ಮೇಲ್ಮೈ ಎಳೆತ, ಅಂದರೆ ಮೇಲ್ಮೈ ಕುಗ್ಗಲು ಎಳೆಯುವ ಬಲ, ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಸೋಪಿನ ಅಂಶ ಸೇರಿಸಿದಂತೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಒಂದು ಹಂತದ ನಂತರ ಇನ್ನಷ್ಟು ಹಾಕಿದರೆ ಹೊಸ ಅಣುಗಳಿಗೆ ಮೇಲ್ಮೈಯಲ್ಲಿ ಜಾಗವೇ ಇರುವುದಿಲ್ಲ. ಅವು ನೀರಿನೊಳಗೆ ಗುಂಪುಗೂಡಿ ಕೂರುತ್ತವೆ. ಮೇಲ್ಮೈ ಎಳೆತ ಹೆಚ್ಚೂ ಕಡಿಮೆ ಅಲ್ಲೇ ನಿಲ್ಲುತ್ತದೆ. 3 ಶೇಕಡದಲ್ಲೇ ಗ್ರೈಂಡರ್ ಕೋಣೆಯಲ್ಲಿ ಒಳ್ಳೆಯ ನೊರೆ ಬರುತ್ತಿತ್ತು ಅಂದರೆ ಸೋಪು ಸಾಕಷ್ಟಿದೆ ಅಂತಲೇ ಅರ್ಥ, ಅಲ್ವಾ? ಕೊರತೆ ಬೇರೆ ಕಡೆ ಇತ್ತು.

ಬಕೆಟ್ ಮತ್ತು ತಕ್ಕಡಿ

ನೊರೆಯನ್ನು ಪರೀಕ್ಷಿಸಲು ಲ್ಯಾಬ್ ಬೇಕಿಲ್ಲ. 10 ಲೀಟರಿನ ಬಕೆಟ್, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬಕೆಟ್ ತುಂಬ ನೊರೆ ಹಿಡಿದು ಮೇಲ್ಭಾಗವನ್ನು ಸ್ಕೇಲಿನಿಂದ ಸವರಿ ತೂಗಬೇಕು, ಬಕೆಟ್ಟಿನ ತೂಕ ಕಳೆಯಬೇಕು. ಗಾಳಿಗೆ ತೂಕ ಇಲ್ಲವೆಂದೇ ಇಟ್ಟುಕೊಂಡರೆ ಉಳಿದದ್ದೆಲ್ಲ ದ್ರಾವಣ.

ಗ್ರೈಂಡರ್ ಕೋಣೆಯಲ್ಲಿ 600 ಗ್ರಾಂ ಬಂತು. ಅಂದರೆ ನೊರೆಯಲ್ಲಿ 6 ಶೇಕಡ ದ್ರಾವಣ, 94 ಶೇಕಡ ಗಾಳಿ. ಪ್ಯಾಕಿಂಗ್ ವಿಭಾಗದಲ್ಲಿ ಅದೇ ಬಕೆಟ್ 1.6 ಕಿಲೋ ತೂಗಿತು. 16 ಶೇಕಡ ದ್ರಾವಣ. ಗುಳ್ಳೆಗಳ ಗಾತ್ರ ಎರಡೂ ಕಡೆ ಬಹುಮಟ್ಟಿಗೆ ಒಂದೇ. ಸ್ಟೀಲ್ ಸ್ಕೇಲು ಪಕ್ಕಕ್ಕಿಟ್ಟು ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದರೆ ಅಡ್ಡಗಲ ಸುಮಾರು 0.2 ಮಿಲಿಮೀಟರ್ ಕಾಣುತ್ತಿತ್ತು.

ಈ ಎರಡು ಅಂಕಿಗಳಲ್ಲೇ ರೋಗ ಇತ್ತು. ಅದು ಕಾಣಬೇಕಾದರೆ ನೊರೆ ಹೇಗೆ ಹರಿಯುತ್ತದೆ ಅಂತ ಸ್ವಲ್ಪ ನೋಡಬೇಕು.

ನೀರೂ ಹರಿಯುತ್ತದೆ, ಗಾಳಿಯೂ ಹರಿಯುತ್ತದೆ. ಎರಡನ್ನೂ ಸೇರಿಸಿದ ನೊರೆ ಮಾತ್ರ ಗೋಡೆಯ ಮೇಲೆ ಗಟ್ಟಿ ವಸ್ತುವಿನಂತೆ ಕೂರುತ್ತದೆ. ಪಿಂಪ್ರಿಯಿಂದ ಸ್ವಾರಗೇಟಿಗೆ ಬೆಳಗ್ಗೆ ಹೊರಡುವ ಪಿಎಂಪಿ ಬಸ್ಸನ್ನು ನೆನೆಸಿಕೊಳ್ಳಿ. ಒಬ್ಬರಿಗೊಬ್ಬರು ಒತ್ತಿ ನಿಂತಿರುವಾಗ ಮೆಲ್ಲಗೆ ತಳ್ಳಿದರೆ ಯಾರೂ ಜಾಗ ಬಿಡುವುದಿಲ್ಲ, ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗುತ್ತಾರೆ. ಜೋರಾಗಿ ತಳ್ಳಿದರೆ ಮಾತ್ರ ಪಕ್ಕದವರ ಜೊತೆ ಜಾಗ ಬದಲಾಗುತ್ತದೆ. ಗುಳ್ಳೆಗಳೂ ಹಾಗೇ. ಒಂದು ಮಿತಿಯ ತನಕ ಅವು ಬರೀ ಬಾಗುತ್ತವೆ. ಮಿತಿ ದಾಟಿದ ಮೇಲೆ ಸಾಲು ಸಾಲಾಗಿ ಜಾಗ ಬದಲಿಸುತ್ತಾ ಹರಿಯುತ್ತವೆ. ಆ ಮಿತಿಗೆ ಎಂಜಿನಿಯರುಗಳು ಯೀಲ್ಡ್ ಸ್ಟ್ರೆಸ್ ಅನ್ನುತ್ತಾರೆ. ಹರಿಯತೊಡಗಿದ ಮೇಲೆ ವೇಗ ಹೆಚ್ಚಿದಷ್ಟೂ ನೊರೆ ತೆಳ್ಳಗಾದಂತೆ ವರ್ತಿಸುತ್ತದೆ. ಹಾಗಾಗಿಯೇ ಗನ್ನಿನಿಂದ ಸಲೀಸಾಗಿ ಹೊರಬಂದದ್ದು ಗೋಡೆಗೆ ಬಿದ್ದ ಕೂಡಲೇ ನಿಲ್ಲಬಲ್ಲದು.

ಈ ಒತ್ತಿ ನಿಲ್ಲುವುದು ಸಾಧ್ಯವಾಗಬೇಕಾದರೆ ಗಾಳಿಯ ಪಾಲು ಸುಮಾರು 64 ಶೇಕಡ ದಾಟಬೇಕು. ಅದಕ್ಕಿಂತ ಕಡಿಮೆಯಾದರೆ ಗುಂಡಗಿನ ಗುಳ್ಳೆಗಳು ಬಿಡಿಬಿಡಿಯಾಗಿ ನೀರಿನಲ್ಲಿ ತೇಲುತ್ತವೆ. ಅದು ಗುಳ್ಳೆ ತುಂಬಿದ ನೀರು, ಅಷ್ಟೇ. ದಾಟಿದಂತೆಲ್ಲ ಗುಳ್ಳೆಗಳು ಚಪ್ಪಟೆಯಾಗಿ ಮೂಲೆಗಳು ಮೂಡುತ್ತವೆ. ಬೆಲ್ಜಿಯಂನ ಭೌತವಿಜ್ಞಾನಿ ಜೋಸೆಫ್ ಪ್ಲಾಟೊ 19ನೇ ಶತಮಾನದಲ್ಲೇ ಇದರ ನಿಯಮ ಹೇಳಿದ್ದರು: ಮೂರು ಪೊರೆಗಳು ಸೇರುವಾಗ ನಡುವಿನ ಕೋನ 120 ಡಿಗ್ರಿ, ಅಂಥ ನಾಲ್ಕು ಅಂಚುಗಳು ಒಂದು ಬಿಂದುವಿನಲ್ಲಿ ಸೇರುವಾಗ ಸುಮಾರು 109.5 ಡಿಗ್ರಿ. ಕಣ್ಣು ಕಳೆದುಕೊಂಡ ಮೇಲೂ ಅವರು ಸೋಪಿನ ಪೊರೆಗಳ ಕೆಲಸ ಬಿಡಲಿಲ್ಲ. ಪೊರೆಗಳು ಸೇರುವ ಆ ಅಂಚುಗಳಿಗೆ ಇವತ್ತಿಗೂ ಅವರದೇ ಹೆಸರು. ನೊರೆಯ ಹೆಚ್ಚಿನ ದ್ರಾವಣ ಇರುವುದೂ ಇಳಿಯುವುದೂ ಆ ಅಂಚಿನ ಕಾಲುವೆಗಳಲ್ಲೇ.

ಈಗ ಲೆಕ್ಕ. ಯೀಲ್ಡ್ ಸ್ಟ್ರೆಸ್ಸಿನ ಅಂದಾಜಿಗೆ ಒಂದು ಸರಳ ಸೂತ್ರ ಇದೆ. ಮೇಲ್ಮೈ ಎಳೆತವನ್ನು ಗುಳ್ಳೆಯ ತ್ರಿಜ್ಯದಿಂದ ಭಾಗಿಸಿ ಅರ್ಧ ಮಾಡಬೇಕು. ಗಾಳಿಯ ಪಾಲು 0.64ಕ್ಕಿಂತ ಎಷ್ಟು ಹೆಚ್ಚಿದೆಯೋ ಅದರ ವರ್ಗದಿಂದ ಗುಣಿಸಬೇಕು. ನಮ್ಮ ಗುಳ್ಳೆಯ ತ್ರಿಜ್ಯ 0.1 ಮಿಲಿಮೀಟರ್, ಮೇಲ್ಮೈ ಎಳೆತ ಮೀಟರಿಗೆ 0.03 ನ್ಯೂಟನ್. ಮೊದಲ ಭಾಗ 150 ಪಾಸ್ಕಲ್ (ಒತ್ತಡದ ಅಳತೆ) ಆಯಿತು. ಗ್ರೈಂಡರ್ ಕೋಣೆಯ ನೊರೆಗೆ 0.94ರಿಂದ 0.64 ಕಳೆದರೆ 0.30, ವರ್ಗ 0.09. ಯೀಲ್ಡ್ ಸ್ಟ್ರೆಸ್ 13.5 ಪಾಸ್ಕಲ್. ಒಂದು ಸೆಂಟಿಮೀಟರ್ ದಪ್ಪದ ಆ ನೊರೆ ತನ್ನ ಭಾರದಿಂದ ಗೋಡೆಯ ಹತ್ತಿರ ಕೆಳಕ್ಕೆ ಹಾಕುವ ಜಗ್ಗು ಸುಮಾರು 6 ಪಾಸ್ಕಲ್. ನಿಲ್ಲುತ್ತದೆ. ಎರಡು ಸೆಂಟಿಮೀಟರ್ ಹೊಡೆದರೂ ನಿಲ್ಲುತ್ತದೆ.

ಪ್ಯಾಕಿಂಗ್ ವಿಭಾಗದ ನೊರೆಗೆ 0.84ರಿಂದ 0.64 ಕಳೆದರೆ 0.20, ವರ್ಗ 0.04. ಯೀಲ್ಡ್ ಸ್ಟ್ರೆಸ್ 6 ಪಾಸ್ಕಲ್‌ಗೆ ಬಿತ್ತು. ಭಾರ ಮಾತ್ರ ಏರಿತು, ಒಂದು ಸೆಂಟಿಮೀಟರಿಗೆ ಹದಿನೈದು ಪಾಸ್ಕಲ್ ಮೇಲೆ. ನಾಲ್ಕು ಮಿಲಿಮೀಟರ್ ದಪ್ಪವೂ ನಿಲ್ಲುವ ಹಾಗಿಲ್ಲ. ನೀರು ಜಾಸ್ತಿಯಾದರೆ ಎರಡು ಕಡೆಯಿಂದ ಪೆಟ್ಟು: ಹಿಡಿತ ಸಡಿಲ, ಹೊರೆ ಹೆಚ್ಚು.

ಇದು ನೊರೆಗೆ ಅನುಕೂಲವಾದ ಲೆಕ್ಕ. ನಯವಾದ ಟೈಲ್ಸ್ ಮೇಲೆ ಗುಳ್ಳೆ ಮತ್ತು ಗೋಡೆಯ ನಡುವೆ ತೆಳುವಾದ ನೀರಿನ ಪೊರೆ ಇರುತ್ತದೆ. ಆ ಪೊರೆಯ ಮೇಲೆ ನೊರೆ ಇಡಿಯಾಗಿ ಜಾರಬಲ್ಲದು, ಒಳಗೆ ಒಂದು ಗುಳ್ಳೆಯೂ ಜಾಗ ಬದಲಿಸದೆ. ಆದ್ದರಿಂದ ಲೆಕ್ಕದಲ್ಲಿ ಬಂದ ದಪ್ಪದ ಅರ್ಧಕ್ಕೆ ನಿಲ್ಲಿಸುವುದು ಕ್ಷೇಮ.

ಹಾಗಂತ ನೊರೆಯನ್ನು ತೀರಾ ಒಣಗಿಸಿದರೂ ಪ್ರಯೋಜನ ಇಲ್ಲ. ಒಂದು ಚದರ ಮೀಟರಿಗೆ ಒಂದು ಸೆಂಟಿಮೀಟರ್ ಹೊಡೆದರೆ 10 ಲೀಟರ್ ನೊರೆ. 6 ಶೇಕಡದಲ್ಲಿ ಅದರಲ್ಲಿ 600 ಮಿಲಿಲೀಟರ್ ದ್ರಾವಣ ಇರುತ್ತದೆ. 2 ಶೇಕಡಕ್ಕೆ ಇಳಿಸಿದರೆ 200 ಮಾತ್ರ. ನೋಡಲು ತುಂಬ ಚೆಂದ, ಗೋಡೆಗೆ ಅಂಟಿಕೊಂಡೇ ಇರುತ್ತದೆ, ಆದರೆ ಕೆಳಗಿನ ಹಿಟ್ಟಿನ ಪದರ ನೆನೆಯುವುದೇ ಇಲ್ಲ. ಕೆಲವರು ಡೆಮೊದಲ್ಲಿ ಇಂಥ ಒಣ ನೊರೆ ತೋರಿಸಿ ಯಂತ್ರ ಮಾರುತ್ತಾರೆ. ಬಕೆಟ್ ತೂಗಿ ನೋಡದೆ ಕೊಳ್ಳಬೇಡಿ.

ಪೈಪಿನೊಳಗೆ ಏನಾಗುತ್ತಿತ್ತು

ಒಂದೇ ಯಂತ್ರದಿಂದ ಹೊರಟ ನೊರೆ ದೂರ ಹೋದಾಗ ಯಾಕೆ ನೀರಾಗುತ್ತದೆ? ದಾರಿಯಲ್ಲಿ ಗುಳ್ಳೆ ಒಡೆಯುತ್ತಿರಬೇಕು ಅಂತ ಮಾಲೀಕರ ಊಹೆ. ಪೈಪಿನಲ್ಲಿ ನೊರೆ ಇರುವುದು ಕೆಲವೇ ಸೆಕೆಂಡು, ಅಷ್ಟರಲ್ಲಿ ಹಾಗೆ ಒಡೆಯುವುದಿಲ್ಲ. ಒಡೆದಿದ್ದರೂ ಗಾಳಿ ಎಲ್ಲಿಗೆ ಹೋಗುತ್ತದೆ, ಅದೂ ಗನ್ನಿನಿಂದಲೇ ಹೊರಬರಬೇಕಲ್ಲ. ಆಗ ಪೈಪು ಉಗುಳಿ ಉಗುಳಿ ಒದೆಯುತ್ತದೆ. ಇಲ್ಲಿ ಹಾಗೆ ಆಗುತ್ತಿರಲಿಲ್ಲ. ಹರಿವು ಸಮನಾಗಿಯೇ ಇತ್ತು, ಗಾಳಿ ಕಡಿಮೆ ಇತ್ತು. ಅಂದರೆ ಗಾಳಿ ಮೊದಲೇ ಒಳಗೆ ಹೋಗುತ್ತಿಲ್ಲ.

ನೊರೆಯನ್ನು ಪೈಪಿನಲ್ಲಿ ತಳ್ಳುವುದು ದುಬಾರಿ. ಅದು ಪೈಪಿನೊಳಗೆ ನಡುವೆ ಗಟ್ಟಿ ಕಡ್ಡಿಯಂತೆ ಚಲಿಸುತ್ತದೆ, ಗೋಡೆಯ ಹತ್ತಿರದ ತೆಳು ನೀರಿನ ಪೊರೆಯಲ್ಲಿ ಮಾತ್ರ ಉಜ್ಜಾಟ. ಕಿರಿದಾದ ಕೊಳವೆಯಲ್ಲಿ ಗುಳ್ಳೆ ಸಾಗುವಾಗ ಆ ಪೊರೆ ಎಷ್ಟು ದಪ್ಪ ಇರುತ್ತದೆ ಅನ್ನುವುದನ್ನು 1961ರಲ್ಲಿ ಬ್ರೆದರ್ಟನ್ ಅನ್ನುವ ವಿಜ್ಞಾನಿ ಲೆಕ್ಕ ಹಾಕಿದ್ದರು. ಉಜ್ಜಾಟ ವೇಗದ ಜೊತೆ ನೇರವಾಗಿ ಏರುವುದಿಲ್ಲ, ಅದಕ್ಕಿಂತ ನಿಧಾನವಾಗಿ ಏರುತ್ತದೆ. ಆದರೆ ಸಣ್ಣ ವೇಗದಲ್ಲೂ ಉಜ್ಜಾಟ ನೀರಿಗಿಂತ ಎಷ್ಟೋ ಜಾಸ್ತಿ. ಪೈಪು ಉದ್ದವಾದಷ್ಟೂ, ಸಣ್ಣದಾದಷ್ಟೂ ಒತ್ತಡ ಹೆಚ್ಚು ಬೇಕು.

ಇಲ್ಲಿ ಎರಡೂ ಆಗಿತ್ತು. ಯಂತ್ರದ ಜೊತೆ ಬಂದದ್ದು ಮುಕ್ಕಾಲು ಇಂಚಿನ ಪೈಪು. ಮುಂದೆ ಜೋಡಿಸಿದ್ದು ಸ್ಟೋರಿನಲ್ಲಿದ್ದ ಅರ್ಧ ಇಂಚಿನದು. ಒಳಗಿನ ಜಾಗ 2.25 ಪಟ್ಟು ಕಡಿಮೆ, ಅದೇ ಹರಿವಿಗೆ ವೇಗ 2.25 ಪಟ್ಟು ಹೆಚ್ಚು. ಸಾಲದ್ದಕ್ಕೆ ತುದಿಗೆ ನೀರಿನ ಪ್ರೆಷರ್ ವಾಷರಿನ ಸಣ್ಣ ತೂತಿನ ನೋಝಲ್ ಹಾಕಿದ್ದರು, ದೂರ ಹಾರಲಿ ಅಂತ.

ಮಿಕ್ಸಿಂಗ್ ಬ್ಲಾಕಿನ ನಂತರ ಒಂದು ಗೇಜ್ ಕೂರಿಸಿ ನೋಡಿದೆವು. ಗಾಳಿಯ ರೆಗ್ಯುಲೇಟರ್ 4 ಬಾರ್‌ಗೆ (ಒಂದು ಬಾರ್ ಅಂದರೆ ಸುಮಾರು ವಾತಾವರಣದಷ್ಟು ಒತ್ತಡ) ಇಟ್ಟಿದ್ದರು. ಮೂಲ ಪೈಪಿನಲ್ಲಿ ಹೊಡೆಯುವಾಗ ಬ್ಲಾಕಿನ ಹತ್ತಿರ 2 ಬಾರ್. ಜೋಡಿಸಿದ ಪೈಪಿನಲ್ಲಿ 3.6. ಗಾಳಿಯನ್ನು ಒಳಗೆ ದೂಡುವ ವ್ಯತ್ಯಾಸ 2 ಬಾರ್‌ನಿಂದ 0.4ಕ್ಕೆ ಇಳಿದಿತ್ತು. ದ್ರಾವಣದ ಪಂಪಿಗೆ ಇದರ ಪರಿವೆಯೇ ಇಲ್ಲ, ಎಷ್ಟೇ ಎದುರೊತ್ತಡ ಬಂದರೂ ತನ್ನ ಪಾಲಿನ ಲೀಟರು ತಳ್ಳುತ್ತಲೇ ಇರುತ್ತದೆ. ಗಾಳಿ ಹಿಂದೆ ಸರಿಯಿತು, ನೀರು ಸರಿಯಲಿಲ್ಲ. ಅಷ್ಟೇ ಕಥೆ.

ಗಾಳಿಯ ಒತ್ತಡ 6ಕ್ಕೆ ಏರಿಸಿದರೆ ಆಯಿತಲ್ಲ ಅಂತ ಮಾಲೀಕರು ಕೇಳಿದರು. ಸುಮ್ನೆ ಏರಿಸಬಹುದು. ಆದರೆ ಒತ್ತಡದಲ್ಲಿ ಕುಗ್ಗಿದ ಗುಳ್ಳೆ ಹೊರಗೆ ಬಂದಾಗ ಹಿಗ್ಗುತ್ತದೆ. 3.6 ಬಾರ್ ಗೇಜಿನಲ್ಲೇ ಅದರ ಗಾತ್ರ ಹೊರಗೆ ಬರುವಾಗ ಸುಮಾರು ನಾಲ್ಕೂವರೆ ಪಟ್ಟಾಗುತ್ತದೆ. ಇನ್ನೂ ಏರಿಸಿದರೆ ನೋಝಲಿನ ಬಾಯಲ್ಲಿ ನೊರೆ ಸಿಡಿದು ಚೂರಾಗಿ ಹಾರುತ್ತದೆ. ಕ್ಲೋರಿನ್ ಮತ್ತು ಕ್ಷಾರದ ತುಂತುರು ತೊಳೆಯುವವರ ಮುಖಕ್ಕೆ. ಅದೂ ಅಲ್ಲದೆ ಆ ಹೊತ್ತಿಗೆ ಎರಡನೇ ಪ್ಯಾಕಿಂಗ್ ಲೈನ್ ಓಡುತ್ತಿದ್ದರೆ ಅದೂ ಅದೇ ಕಂಪ್ರೆಸರಿನಿಂದ ಗಾಳಿ ಎಳೆಯುತ್ತದೆ. ಕೆಲವು ರಾತ್ರಿ ನೊರೆ ಸುಮಾರಾಗಿ ನಿಲ್ಲುತ್ತಿತ್ತು, ಕೆಲವು ರಾತ್ರಿ ಇಲ್ಲವೇ ಇಲ್ಲ ಅನ್ನುವುದಕ್ಕೆ ಒಂದು ಕಾರಣ ಅದು.

ನಾನು ಹೇಳಿದ್ದು, ನೊರೆಯನ್ನು ಸಾಗಿಸುವುದನ್ನೇ ಬಿಡಿ. ನೀರು ಸಾಗಿಸಲು ಸುಲಭ, ಗಾಳಿ ಇನ್ನೂ ಸುಲಭ. ಎರಡನ್ನೂ ಬೇರೆ ಬೇರೆ ಪೈಪಿನಲ್ಲಿ ಪ್ಯಾಕಿಂಗ್ ವಿಭಾಗದ ತನಕ ಒಯ್ದು, ಅಲ್ಲಿ ಇನ್ನೊಂದು ಮಿಕ್ಸಿಂಗ್ ಬ್ಲಾಕ್ ಕೂರಿಸಿ ನೊರೆ ಮಾಡಿ. ಅಲ್ಲಿಂದ ಮುಕ್ಕಾಲು ಇಂಚಿನ ಗಿಡ್ಡ ಪೈಪು, ತುದಿಯಲ್ಲಿ ಅಗಲ ಬಾಯಿಯ ಚಪ್ಪಟೆ ನೋಝಲ್. ದೊಡ್ಡ ಡೇರಿಗಳಲ್ಲಿ ಗೋಡೆ ಗೋಡೆಗೂ ಸಣ್ಣ ಸ್ಟೇಷನ್ ಇಡುವುದು ಇದೇ ಕಾರಣಕ್ಕೆ. ಹಾಗೆ ಮಾಡಿದ ಮೇಲೆ ಅಲ್ಲಿಯ ಬಕೆಟ್ 700 ಗ್ರಾಮಿನ ಆಸುಪಾಸಿಗೆ ಬಂತು. ಡೋಸ್ ಮತ್ತೆ 3ಕ್ಕೆ ಇಳಿಯಿತು. ನೊರೆ ನಿಂತಿತು.

ಪೂರ್ತಿ ಅಲ್ಲ.

ಗಾಳಿಯಲ್ಲಿ ಎಣ್ಣೆ

ಬಕೆಟ್ ತೂಕ ಸರಿಯಿದ್ದರೂ ಕೆಲವು ರಾತ್ರಿ ಐದಾರು ನಿಮಿಷಕ್ಕೆ ನೊರೆಯಲ್ಲಿ ತೂತು ಬೀಳುತ್ತಿತ್ತು. ಜಾರುವುದು ಬೇರೆ, ಇದು ಬೇರೆ. ಜಾರುವ ನೊರೆ ಇಡೀ ಹಾಳೆಯಾಗಿ ಇಳಿಯುತ್ತದೆ. ಇಲ್ಲಿ ಪದರ ಅಲ್ಲೇ ಇದ್ದು ನಡುನಡುವೆ ದೊಡ್ಡ ಗುಳ್ಳೆಗಳಾಗಿ ಸಾಯುತ್ತಿತ್ತು. ಗುಳ್ಳೆ ದೊಡ್ಡದಾದರೆ ಏನಾಗುತ್ತದೆ ಅಂತ ಮೇಲಿನ ಸೂತ್ರವೇ ಹೇಳುತ್ತದೆ. ತ್ರಿಜ್ಯ ಐದು ಪಟ್ಟಾದರೆ ಯೀಲ್ಡ್ ಸ್ಟ್ರೆಸ್ ಐದನೇ ಒಂದು ಪಾಲು.

ಮೊದಲ ಅನುಮಾನ ನೀರಿನ ಮೇಲೆ. ಎಂಐಡಿಸಿ ನೀರು ಸಾಲದಾಗ ಟ್ಯಾಂಕರ್ ತರಿಸುತ್ತಾರೆ, ಅದು ಹೆಚ್ಚಾಗಿ ಬೋರ್‌ವೆಲ್ಲಿನದು. ದಖ್ಖನ್ನಿನ ಕಪ್ಪು ಬಂಡೆಯ ಕೆಳಗಿನ ನೀರು ಬಹಳ ಕಡೆ ಗಡಸು. ಕ್ಯಾಲ್ಸಿಯಂ ಕೆಲವು ಬಗೆಯ ಸೋಪನ್ನು ಕಟ್ಟಿಹಾಕುತ್ತದೆ. ಎರಡು ನೀರಿನಲ್ಲೂ ಅದೇ 3 ಶೇಕಡದ ದ್ರಾವಣ ಮಾಡಿ ಮುಚ್ಚಳದ ಬಾಟಲಿಯಲ್ಲಿ ಒಂದೇ ಸಮ ಅಲ್ಲಾಡಿಸಿ ಇಟ್ಟೆವು. ನೊರೆ ಇಳಿಯುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಗಡಸು ನೀರು ತಡೆಯುವ ಅಂಶ ಆ ಕೆಮಿಕಲ್ಲಿನಲ್ಲಿ ಚೆನ್ನಾಗಿಯೇ ಇತ್ತು.

ಆಮೇಲೆ ಗಾಳಿಯ ಪೈಪಿನ ಬಾಯಿಗೆ ಬಿಳಿ ಟಿಶ್ಯೂ ಹಿಡಿದೆವು. ಹಳದಿ ಚುಕ್ಕೆಗಳು ಬಿದ್ದವು. ಕಂಪ್ರೆಸರ್ ಹಳೆಯ ಪಿಸ್ಟನ್ ಮಾದರಿ. ಎಣ್ಣೆಯ ಮಂಜು ಗಾಳಿಯ ಜೊತೆ ಬರುತ್ತಿತ್ತು. ಫಿಲ್ಟರಿನ ಬಟ್ಟಲು ತುಂಬಿ, ಯಾರೂ ಖಾಲಿ ಮಾಡದೆ ಮುಂದಕ್ಕೆ ಹರಿಯುತ್ತಿತ್ತು. ಸೋಪಿನ ಪೊರೆಯೊಳಗೆ ಎಣ್ಣೆಯ ಸಣ್ಣ ಹನಿ ಸಿಕ್ಕಿಕೊಂಡರೆ ಅದು ಪೊರೆಯ ಎರಡೂ ಬದಿಗೆ ತಾಗಿ ಸೇತುವೆಯಾಗುತ್ತದೆ. ಆ ಜಾಗದಲ್ಲಿ ಪೊರೆ ಹರಿದು ಒಡೆಯುತ್ತದೆ. ನೊರೆ ತಗ್ಗಿಸಲು ಕಾರ್ಖಾನೆಗಳಲ್ಲಿ ಬೇಕೆಂದೇ ಹಾಕುವ ಕೆಲವು ಎಣ್ಣೆಗಳು ಕೆಲಸ ಮಾಡುವುದು ಹೀಗೇ. ಇಲ್ಲಿ ಅದನ್ನು ಬೇಡದೆಯೇ ಹಾಕುತ್ತಿದ್ದರು.

ಇದನ್ನು ನಾನು ನೊರೆಯ ದೃಷ್ಟಿಗಿಂತ ಬೇರೆ ದೃಷ್ಟಿಯಿಂದ ಜೋರಾಗಿ ಹೇಳಿದೆ. ಅದೇ ಗಾಳಿ ಪ್ಯಾಕಿಂಗ್ ಯಂತ್ರಕ್ಕೂ ಹೋಗುತ್ತದೆ, ಪ್ಯಾಕೆಟ್ ಬಾಯಿ ತೆರೆಯಲು ಊದುತ್ತದೆ. ಕಂಪ್ರೆಸರ್ ಎಣ್ಣೆ ಹಿಟ್ಟಿನ ಹತ್ತಿರ ಬರುವುದು ತಪ್ಪು. ಕಂಪ್ರೆಸರ್ ಗಾಳಿಯ ಶುದ್ಧತೆಗೆ ಐಎಸ್‌ಒ 8573-1 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ದರ್ಜೆಗಳೇ ಇವೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2011ರ ಲೈಸೆನ್ಸ್ ನಿಯಮಗಳ ಶೆಡ್ಯೂಲ್ 4 ಓದಿದವರಿಗೆ ಆಹಾರಕ್ಕೆ ತಾಗುವುದೆಲ್ಲ ಸ್ವಚ್ಛ ಇರಬೇಕು ಅನ್ನುವುದು ಹೊಸತಲ್ಲ. ಎಣ್ಣೆ ಹಿಡಿಯುವ ಸೂಕ್ಷ್ಮ ಫಿಲ್ಟರ್ ಹಾಕಿದರು, ಬಟ್ಟಲು ಖಾಲಿ ಮಾಡುವುದನ್ನು ಪಾಳಿಯ ಚೆಕ್‌ಲಿಸ್ಟಿಗೆ ಸೇರಿಸಿದರು. ಹೊಸ ಎಣ್ಣೆರಹಿತ ಕಂಪ್ರೆಸರ್ ಬೇಕು ಅನ್ನುವ ನನ್ನ ಮಾತು ಮಾತ್ರ ಇನ್ನೂ ಮಾಲೀಕರ ಮೇಜಿನ ಮೇಲಿದೆ.

ಕೆಲಸದ ಕ್ರಮ

ಇದು ತಂಡದ ಅಕ್ಕನೇ ನಿರ್ಧರಿಸಿದ ಕ್ರಮ, ನಾನು ಒಂದೆರಡು ಕಡೆ ಮಾತ್ರ ಬಾಯಿ ಹಾಕಿದೆ. ಮೊದಲು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು ಹಿಟ್ಟನ್ನು ಬುಟ್ಟಿಗೆ, ಮೋರಿಗಲ್ಲ. ಆಮೇಲೆ ತಣ್ಣೀರು. ಮತ್ತೆ ನೊರೆ, ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರು ಮಾಡಿದರೆ ಇಳಿಯುವ ದ್ರಾವಣ ಕೆಳಗಿನ ಒಣ ಗೋಡೆಯ ಮೇಲೆ ಗೆರೆ ಬಿಡುತ್ತದೆ, ಎಲ್ಲಿ ಹೊಡೆದಾಯಿತು ಅಂತಲೂ ಗೊತ್ತಾಗುವುದಿಲ್ಲ. ಹತ್ತು ನಿಮಿಷ ಬಿಟ್ಟು, ಒಣಗುವ ಮೊದಲೇ, ಮೇಲಿನಿಂದ ಕೆಳಕ್ಕೆ ನೀರು. ಹೈ ಪ್ರೆಷರ್ ಬೇಡ, ಅದು ಕೊಳೆಯನ್ನು ತುಂತುರು ಮಾಡಿ ತೊಳೆದ ಗೋಡೆಗೇ ಮತ್ತೆ ಕೂರಿಸುತ್ತದೆ. ಕೊನೆಗೆ ಸ್ಯಾನಿಟೈಸರ್. ಕನ್ನಡಕ, ಉದ್ದ ಕೈಗವಸು ಇಲ್ಲದೆ ಗನ್ ಮುಟ್ಟುವ ಹಾಗಿಲ್ಲ.

ವಾರಕ್ಕೊಮ್ಮೆ ಗಡಸು ನೀರಿನ ಬಿಳಿ ಕಲೆಗೆ ಆಮ್ಲದ ನೊರೆ. ಅದಕ್ಕೆ ಬೇರೆ ಕ್ಯಾನು, ಬೇರೆ ಬಣ್ಣ, ಬೇರೆ ಬೀಗ. ಕ್ಲೋರಿನ್ ಇರುವ ಕ್ಷಾರಕ್ಕೆ ಆಮ್ಲ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ. ಇದೊಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡುವುದಿಲ್ಲ.

ಮೋರಿಯ ಕಡೆ

ಡೋಸ್ 6 ಇದ್ದ ದಿನಗಳಲ್ಲಿ ಘಟಕದ ಇಟಿಪಿ (ಕೊಳೆ ನೀರು ಶುದ್ಧ ಮಾಡುವ ವ್ಯವಸ್ಥೆ) ಟ್ಯಾಂಕಿನ ಮೇಲೆ ನೊರೆ ಕಟ್ಟಿ ಹೊರಗೆ ಉಕ್ಕುತ್ತಿತ್ತು. ಗಾಳಿ ಊದುವ ಟ್ಯಾಂಕಿಗೆ ಸೋಪು ಹೋದರೆ ಇನ್ನೇನಾಗುತ್ತದೆ? ಸೋಪಿನ ಜೊತೆ ಉದ್ದಿನ ಪ್ರೋಟೀನೂ ಇತ್ತು, ಅದು ನೊರೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಕ್ಲೋರಿನ್ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಈಗ ರಾತ್ರಿಯ ತೊಳೆದ ನೀರನ್ನು ಮೊದಲು ಒಂದು ತೊಟ್ಟಿಯಲ್ಲಿ ಹಿಡಿದು, ಹಗಲಿನ ನೀರಿನ ಜೊತೆ ನಿಧಾನವಾಗಿ ಬಿಡುತ್ತಾರೆ. ಹಿಟ್ಟು ಬುಟ್ಟಿಗೆ ಹೋಗುತ್ತಿರುವುದರಿಂದ ಹೊರೆಯೂ ಇಳಿದಿದೆ.

ಭೋಸರಿಯಿಂದ ಆಳಂದಿ ದೂರವಿಲ್ಲ. ಅಲ್ಲಿ ಇಂದ್ರಾಯಣಿ ನದಿಯ ಮೇಲೆ ಬಿಳಿ ನೊರೆ ತೇಲುವ ಚಿತ್ರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೈಗಾರಿಕೆಗಳ ನೀರು, ಶುದ್ಧ ಮಾಡದ ಚರಂಡಿ ನೀರು ಎರಡರ ಮೇಲೂ ದೂರು ಇದೆ. ಈ ಘಟಕದ ನೀರು ನದಿಗೆ ಹೋಗದೆ ಎಂಐಡಿಸಿ ಚರಂಡಿಗೇ ಹೋಗುತ್ತದೆ. ಆದರೂ ಇಲ್ಲಿ ಅರ್ಧ ಮಾಡಿದ ಡೋಸ್ ಆ ಕಡೆಗೂ ಒಳ್ಳೆಯದೇ.

ಪ್ಯಾಕಿಂಗ್ ವಿಭಾಗದ ಸ್ವಾಬ್ ಅಂಕಿಗಳು ಈಗ ಗ್ರೈಂಡರ್ ಕೋಣೆಯಷ್ಟೇ ಕೆಳಗಿವೆ. ಕನ್ವೇಯರ್ ಅಡಿಯ ಒಂದು ಮೂಲೆ ಮಾತ್ರ ಇನ್ನೂ ಮೇಲಿದೆ. ಅಲ್ಲಿ ಮೋಟರಿನ ಕವಚ ಅಡ್ಡ ಬರುತ್ತದೆ, ನೊರೆ ಒಳಗೆ ತಲುಪುವುದಿಲ್ಲ. ಅದನ್ನು ವಾರಕ್ಕೊಮ್ಮೆ ಬಿಚ್ಚಿ ಕೈಯಲ್ಲೇ ಉಜ್ಜುತ್ತಾರೆ. ಟೆಂಪೋದಲ್ಲಿ ವಾಪಸ್ ಬರುವ ಪ್ಲಾಸ್ಟಿಕ್ ಕ್ರೇಟುಗಳನ್ನೂ ಇದೇ ಯಂತ್ರದಲ್ಲಿ ತೊಳೆಯಬಹುದಾ ಅಂತ ಮಾಲೀಕರು ಮೊನ್ನೆ ಕೇಳಿದರು. ಬೇಡ ಅಂದೆ. ಜಾಲರಿಯ ತೂತುಗಳಲ್ಲಿ ನೊರೆ ಅರ್ಧ ಆ ಕಡೆ ಹಾರಿಹೋಗುತ್ತದೆ, ಒಳಮೂಲೆಗಳಿಗೆ ತಾಗುವುದೇ ಇಲ್ಲ. ಕ್ರೇಟಿಗೆ ಒಂದು ಮುಳುಗುವ ತೊಟ್ಟಿ, ಅದರಲ್ಲಿ ನೊರೆ ಕಡಿಮೆ ಬರುವ ಕೆಮಿಕಲ್ಲು, ಅಷ್ಟು ಸಾಕು.